ಎಷ್ಟು ಒತ್ತಬೇಕು

ಫೋನಿನಲ್ಲಿ ಹುಡುಗಿ ಮಲಯಾಳದಲ್ಲಿ ಕೇಳಿದಳು,
ಎಷ್ಟು ಒತ್ತಬೇಕು ಚೇಚೀ,
ಹಗುರವೋ, ಮಧ್ಯಮವೋ, ಜೋರೋ?

ಸುಮ್ಮನಾದೆ.
ಮೂವತ್ತೊಂದು ವರ್ಷ ಕಾಸರಗೋಡಿನ ಅಂಚೆಕಚೇರಿಯ
ಮೂರನೇ ಕೌಂಟರಿನಲ್ಲಿ ಕೂತು ಕೇಳಿದವಳು ನಾನು,
ರಿಜಿಸ್ಟರ್ಡೋ, ಸಾದಾವೋ, ಸ್ಪೀಡ್ ಪೋಸ್ಟೋ,
ಒಳಗೆ ಎಂತ ಉಂಟು, ಒಡೆಯುವಂಥದ್ದೋ?
ತಿರುಗಿ ನನ್ನನ್ನು ಯಾರಾದರೂ ಕೇಳಿದ್ದರೆ
ಚಿಲ್ಲರೆ ಉಂಟೋ ಎಂದು ಮಾತ್ರ.

ನಿವೃತ್ತಿಯ ದಿನ ಜೊತೆಯವರು ಕೊಟ್ಟ ಲಕೋಟೆ ಇದು.
ಶಾಲು ಬೇಡ, ಗಡಿಯಾರ ಬೇಡ ಎಂದು ಮೊದಲೇ ಹೇಳಿದ್ದೆ.
ಬೇಕಲದ ಹತ್ತಿರ, ಕಡಲ ಕಡೆ ಬಾಗಿಲಿರುವ ಜಾಗ,
ತೊಂಬತ್ತು ನಿಮಿಷ ಎಣ್ಣೆ, ಆಮೇಲೆ ಹಬೆ,
ಆಮೇಲೆ ಶುಂಠಿ ಹಾಕಿದ ಎಂತದೋ ನೀರು.
ಆರು ತಿಂಗಳೊಳಗೆ ಬಳಸತಕ್ಕದ್ದು.
ಐದು ತಿಂಗಳು ಇಪ್ಪತ್ತು ದಿನ ಅದು
ಗೋದ್ರೇಜಿನೊಳಗೆ ರೇಷನ್ ಕಾರ್ಡಿನ ಅಡಿಗಿತ್ತು.

ಮಧ್ಯಮ, ಎಂದೆ ಜಿಷಳಿಗೆ. ಹೆಸರು ಜಿಷ.
ಮಧ್ಯಮ ಅಂದರೆ ಯಾರಿಗೂ ಸಿಟ್ಟು ಬರುವುದಿಲ್ಲ,
ಕೆಲಸಕ್ಕೆ ಸೇರಿದ ವಾರವೇ ಕಲಿತದ್ದು.

ಎಣ್ಣೆ? ಎಳ್ಳೆಣ್ಣೆಯ ವಾಸನೆಗೆ ತಲೆನೋವು, ಬೇಡ.
ತೆಂಗಿನದ್ದಾದರೆ ಮನೆಯಿಂದಲೇ ತರಲೋ
ಎಂದದ್ದಕ್ಕೆ ನಕ್ಕಳು.
ಹಾಡು? ಆ ಕೊಳಲು, ಹಕ್ಕಿ, ನೀರು ಬೀಳುವುದು, ಯಾವುದೂ ಬೇಡ.
ಗಂಡಸರು ಆದೀತೋ? ಪ್ರಶ್ನೆ ಮುಗಿಯುವ ಮೊದಲೇ ಬೇಡ.
ಬೇಡ, ವೇಂಡ, ಬೊಡ್ಚಿ,
ಗೊತ್ತಿದ್ದ ಮೂರೂ ಭಾಷೆಯ ಬೇಡಗಳು ಬಿದ್ದವು,
ಸಂಜೆ ಟಪ್ಪಾಲಿನ ಚೀಲ ಕವುಚಿದ ಹಾಗೆ.
ಇಷ್ಟೆಲ್ಲ ಇತ್ತೋ ಒಳಗೆ.

ಮುಟ್ಟಬಾರದ ಜಾಗ?
ಎಡ ಪಕ್ಕೆ. ಯಾಕೆಂದು ಹೇಳಬೇಕು,
ಕಚಗುಳಿಗೆ ಮಲಯಾಳದ ಮಾತು ನಾಲಗೆಗೆ ಬರಲಿಲ್ಲ.
ಇಡೀ ತಾಲೂಕಿನ ವಿಳಾಸ ಓದಿದವಳಿಗೆ
ಇದೊಂದು ಬೇಕಾಗಿಯೇ ಇರಲಿಲ್ಲ.
ಮುಟ್ಟಿದರೆ ನಗು ಬರುತ್ತದೆ, ನೋವಲ್ಲ,
ಎಂದೆ ಸುತ್ತಿ ಬಳಸಿ.
ಓ, ಇಕ್ಕಿಳಿ! ಎಂದಳು.
ಆ ಶಬ್ದಕ್ಕೇ ಪಕ್ಕೆ ಮುದುಡಿತು.

ಹೊಟ್ಟೆಯ ಮೇಲಿನ ಹೊಲಿಗೆಯ ವಿಷಯ
ಬಾಯಿವರೆಗೆ ಬಂದು ವಾಪಸಾಯಿತು,
ಮನೆ ಬೀಗ ಹಾಕಿದೆ ಎಂದು ಬರೆಸಿಕೊಂಡ ಕಾಗದದಂತೆ.

ಕೊನೆಗೆ, ನೋವಾದರೆ ನಿಲ್ಲಿಸಲಿಕ್ಕೆ ಒಂದು ಮಾತು ಕೊಡಿ,
ಒತ್ತುವವಳು ಮಿಜೋರಾಮಿನವಳು,
ನಮ್ಮ ಭಾಷೆ ಅಷ್ಟಕ್ಕಷ್ಟೇ.
ಸಾಕು, ಎಂದೆ.
ಮದಿ ಅಲ್ಲ, ಸ್ಟಾಪ್ ಅಲ್ಲ. ಸಾಕು.
ಎರಡು ಸಲ ಹೇಳಿಸಿ ಬರೆದುಕೊಂಡಳು.

ಗುರುವಾರ ಕವುಚಿ ಮಲಗಿದ್ದೇನೆ.
ಮುಖಕ್ಕೊಂದು ತೂತು, ತೂತಿನ ಕೆಳಗೆ ನೆಲ,
ನೆಲದ ಮೇಲೆ ಅವಳ ಎರಡು ಪಾದ,
ಬಲಗಾಲಿನ ಹೆಬ್ಬೆರಳಿನ ಬಣ್ಣ ಅರ್ಧ ಹೋಗಿದೆ.
ಹಾಡಿಲ್ಲ. ತೆಂಗಿನೆಣ್ಣೆ. ಹೇಳಿದ್ದೆಲ್ಲ ಹೇಳಿದ ಹಾಗೇ ಉಂಟು,
ಅದಕ್ಕೇ ಸ್ವಲ್ಪ ನಾಚಿಕೆ.

ಕೈ ಬಲದ ಹೆಗಲಿಗೆ ಬಂತು.
ಅಲ್ಲಿ ಒಂದು ಗಂಟು, ಮೊಣಕೈವರೆಗೆ ಇಳಿದ ಅದರ ದಾರ,
ಠಸ್ಸೆ ಹೊಡೆದು ಹೊಡೆದು ಆದದ್ದು.
ಹಗುರ ಒತ್ತಿದರೆ ತಾರೀಕು ಮೂಡದು,
ಜೋರಾದರೆ ಒಳಗಿನ ಕಾಗದಕ್ಕೂ ಮಸಿ.
ಅವಳ ಹೆಬ್ಬೆರಳು ಗಂಟಿನ ಮೇಲೆ ನಿಂತಿತು,
ಮನೆ ಇದುವೇ ಹೌದೋ ಎಂದು ನೋಡುವ ಹಾಗೆ.

ಇನ್ನೂ ಸ್ವಲ್ಪ, ಎಂದೆ.

ಕೈ ತಟ್ಟನೆ ಎದ್ದಿತು.
ಅವಳಿಗೆ ಬರುವ ಕನ್ನಡ ಒಂದೇ ಒಂದು,
ನಾನು ಆಡುವುದೆಲ್ಲ ಅದುವೇ.
ಸಾಕು? ಎಂದಳು ಹೆದರಿ,
ಪಾದಗಳು ತೂತಿನಿಂದ ಆಚೆ ಹೋದವು.
ಸಾಕಾಗಲಿಲ್ಲ ಎನ್ನೋಣವೆಂದರೆ
ಅದರೊಳಗೂ ಸಾಕು ಕೂತಿದೆ.

ಎಡಗೈ ಹಿಂದಕ್ಕೆ ಚಾಚಿ ತಡಕಿದೆ.
ಎಣ್ಣೆಗೆ ಎರಡು ಸಲ ಜಾರಿದ ಮಣಿಕಟ್ಟನ್ನು
ಹಿಡಿದು ತಂದು ಹೆಗಲ ಮೇಲಿಟ್ಟೆ,
ಅದರ ಮೇಲೆ ನನ್ನ ಅಂಗೈ.
ಒತ್ತಿದೆ,
ತಾರೀಕು ಮೂಡುವಷ್ಟು.